ಹಳೆಯ ಬೈಕಿಗೆ ತಗ್ಗಿನ ಹ್ಯಾಂಡಲ್: ಹಾಕಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ:
ನನ್ನದು ಹಳೆಯ ಸಿಂಗಲ್ ಸಿಲಿಂಡರ್ ಗಾಡಿ. ಎಂಜಿನ್ ಗಟ್ಟಿಯಾಗಿದೆ, ಮುಂದೆ ಡಿಸ್ಕ್ ಬ್ರೇಕ್ ಇದೆ. ಕೊಂಬಿನ ಹಾಗೆ ಮೇಲೆದ್ದಿರುವ ಹ್ಯಾಂಡಲ್ ತೆಗೆದು ಕೆಫೆ ರೇಸರ್ (ರೇಸ್ ಗಾಡಿಯ ಶೈಲಿಯ ಬೈಕ್) ಥರ ತಗ್ಗಿನದು ಹಾಕುವ ಆಸೆ. ಕ್ಲಿಪ್-ಆನ್ ತರಲಾ, ಬೇರೆ ಏನಾದರೂ ತರಲಾ? ಕೇಬಲ್‌ಗಳನ್ನೆಲ್ಲ ಬದಲಿಸಬೇಕಾ?

ಉತ್ತರ:
ಏನನ್ನೂ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಈಗಿರುವ ಹ್ಯಾಂಡಲ್‌ನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಅದನ್ನು ಆದಷ್ಟು ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿ ಮಾಡಿ. ಗಾಡಿ ಸ್ಟ್ಯಾಂಡ್ ಮೇಲಿದ್ದಾಗಲೇ ಹತ್ತಿ ಕೂತು ನೋಡಿ. ಎಷ್ಟು ತಗ್ಗಿದರೆ ನಿಮಗೆ ಸಾಕು ಅನ್ನುವುದು ಅಲ್ಲೇ ಅರ್ಧ ಗೊತ್ತಾಗುತ್ತದೆ. ಕೆಲವರು ಹಳೆಯ ಹ್ಯಾಂಡಲ್ಲನ್ನೇ ತಲೆಕೆಳಗು ಮಾಡಿ ಹಾಕಿ ನೋಡುತ್ತಾರೆ. ಚೆಂದವೇನೂ ಕಾಣಲ್ಲ, ಆದರೆ ಖರ್ಚಿಲ್ಲದ ಟ್ರಯಲ್.

ಕ್ಲಿಪ್-ಆನ್ ಅಂದರೆ ಎರಡು ತುಂಡು, ನೇರವಾಗಿ ಫೋರ್ಕ್ ಪೈಪನ್ನೇ, ಅಂದರೆ ಮುಂದಿನ ಚಕ್ರ ಹಿಡಿದಿರುವ ಪೈಪನ್ನೇ, ಕಚ್ಚಿಕೊಳ್ಳುತ್ತದೆ. ಪೈಪಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ತರಬೇಕು. 35 ಎಂಎಂ ಪೈಪಿಗೆ 37ರದ್ದು ತಂದು, ನಡುವೆ ತಗಡು ಸುತ್ತಿ ಬಿಗಿಯೋಣ ಅನ್ನುವವರ ಮಾತು ಕೇಳಬೇಡಿ. ಕ್ಲಬ್‌ಮನ್ ಬಾರ್ ಒಂದೇ ತುಂಡು. ಮುಂದಕ್ಕೆ ಹೋಗಿ ಕೆಳಕ್ಕೆ ಬಾಗಿರುತ್ತದೆ, ಹಳೆಯ ಕ್ಲಾಂಪಿನಲ್ಲೇ ಕೂರುತ್ತದೆ. ಡ್ರ್ಯಾಗ್ ಬಾರ್ ಹೆಚ್ಚುಕಮ್ಮಿ ನೆಟ್ಟಗಿನ ಪೈಪು. ಗ್ರಿಪ್ ಕೂರುವ ಜಾಗದ ದಪ್ಪ ಬಹಳಷ್ಟು ಗಾಡಿಗಳಲ್ಲಿ 22 ಎಂಎಂ. ಒಂದಿಂಚಿನದು ತಂದರೆ ನಿಮ್ಮ ಸ್ವಿಚ್ಚು, ಲಿವರ್ ಯಾವುದೂ ಕೂರಲ್ಲ. ಮೊದಲ ಸಲ ಮಾಡುವವರಿಗೆ ನನ್ನ ಓಟು ಡ್ರ್ಯಾಗ್ ಬಾರಿಗೆ. ಬೇಡ ಅನ್ನಿಸಿದರೆ ಬಿಚ್ಚಿ ಹಳೆಯದನ್ನು ಹಾಕಿಕೊಳ್ಳಬಹುದು, ಅಲ್ವಾ.

ಹ್ಯಾಂಡಲ್ ಕೂರಿಸುವುದು ಸುಲಭ, ತಲೆನೋವು ಆಮೇಲಿನದು. ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ನಿಧಾನವಾಗಿ ತಿರುಗಿಸಿ. ಲಿವರ್ ಟ್ಯಾಂಕಿಗೆ ತಾಗುತ್ತದಾ? ಗ್ರಿಪ್ ಹಿಡಿದ ಹೆಬ್ಬೆರಳು ಟ್ಯಾಂಕಿಗೂ ಸ್ವಿಚ್ಚಿಗೂ ನಡುವೆ ಸಿಕ್ಕಿಕೊಳ್ಳುತ್ತದಾ? ಗ್ಲೌಸ್ ಹಾಕಿಕೊಂಡೇ ನೋಡಿ, ಬರಿಗೈಗೆ ಸಿಕ್ಕ ಜಾಗ ಗ್ಲೌಸಿಗೆ ಸಿಗಲ್ಲ. ಯು-ಟರ್ನ್ ನಡುವೆ ಬೆರಳು ಸಿಕ್ಕಿಕೊಂಡರೆ ಗಾಡಿ ಕೈಬಿಟ್ಟ ಹಾಗೇ.

ಕೇಬಲ್ ಎಲ್ಲಾ ಬದಲಿಸಲೇಬೇಕು ಅಂತಿಲ್ಲ. ತಗ್ಗಿಸಿದಾಗ ಅವು ಉದ್ದವಾಗಿ ಹೆಡ್‌ಲೈಟ್ ಮುಂದೆ ಬಿಲ್ಲಿನಂತೆ ಬಾಗಿ ನಿಲ್ಲುತ್ತವೆ. ಮೊದಲು ದಾರಿ ಬದಲಿಸಿ ನೋಡಿ. ಎಲ್ಲೂ ಚೂಪಾಗಿ ಮಡಚಬಾರದು, ಫೋರ್ಕ್ ತಿರುಗುವಾಗ ಸಿಕ್ಕಿಕೊಳ್ಳಬಾರದು. ಆಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಲರೇಟರ್ ಮುಟ್ಟದೆ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಅದು ಸರಿಹೋಗುವವರೆಗೆ ಗಾಡಿ ರಸ್ತೆಗಿಳಿಸಬೇಡಿ. ಹೆಡ್‌ಲೈಟ್ ಒಳಗೆ ಹೋಗುವ ವೈರ್‌ಗಳೂ ಹೀಗೇ ಎಳೆಯುತ್ತವೆಯಾ ನೋಡಿಕೊಳ್ಳಿ.

ನಿಮ್ಮದು ಡಿಸ್ಕ್ ಅಂದಿರಿ. ಲಿವರ್ ಕೋನ ಬದಲಾದರೆ ಅದರ ಜೊತೆಗಿರುವ ಬ್ರೇಕ್ ಆಯಿಲ್ ಡಬ್ಬಿಯೂ ವಾಲುತ್ತದೆ. ಅದು ಆದಷ್ಟು ಮಟ್ಟವಾಗಿರಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಬ್ರೇಕ್ ಮೆತ್ತಗಾಗುತ್ತದೆ. ಹೋಸ್ ಬಿಚ್ಚಿದರೆ ಅದರ ಎರಡು ಬದಿಯ ವಾಶರ್ ಹೊಸದೇ ಹಾಕಿ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ, ಟ್ಯಾಂಕ್ ಮುಚ್ಚಿಟ್ಟುಕೊಂಡೇ ಕೆಲಸ ಮಾಡಿ. ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಇನ್ನೊಬ್ಬರ ಉತ್ತರ:
ನಾನು ಕ್ಲಿಪ್-ಆನ್ ಪಕ್ಷ. ಆದರೆ ಮೇಲಿನವರು ಹೇಳದ ವಿಷಯ ಒಂದಿದೆ, ಫುಟ್‌ರೆಸ್ಟ್. 1950–60ರ ದಶಕದಲ್ಲಿ ಬ್ರಿಟನ್ನಿನ ಹುಡುಗರು ರೇಸ್ ಗಾಡಿ ನೋಡಿ ಈ ಶೈಲಿ ಮಾಡಿಕೊಂಡಾಗ ಹ್ಯಾಂಡಲ್ ತಗ್ಗಿಸಿ ಸುಮ್ಮನಾಗಲಿಲ್ಲ, ಫುಟ್‌ರೆಸ್ಟನ್ನೂ ಹಿಂದಕ್ಕೆ ಒಯ್ದರು. ಕಾಲು ಮುಂದೆ, ಕೈ ಕೆಳಗೆ ಅಂತಾದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಹೈವೇ ವೇಗದಲ್ಲಿ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಗೊತ್ತಾಗಲ್ಲ. ಟ್ರಾಫಿಕ್ಕಿನಲ್ಲಿ ತೆವಳುವಾಗ ಅಂಗೈ, ಕತ್ತು ಎರಡೂ ಬೈಯುತ್ತವೆ.

ಫುಟ್‌ರೆಸ್ಟ್ ಹಿಂದೆ ಹಾಕುವಾಗ ಕಿಕ್ಕರ್ ಅದಕ್ಕೆ ಬಡಿಯುತ್ತದಾ ಮೊದಲು ನೋಡಿ. ಗೇರ್ ಶಾಫ್ಟಿನ ಮೇಲೆ ಲಿವರ್ ಹಿಂದುಮುಂದಾಗಿ ಕೂತರೆ ಗೇರ್ ಕ್ರಮವೂ ಉಲ್ಟಾ ಆಗುತ್ತದೆ, ಪೆಡಲಿನಿಂದ ಆ ಲಿವರಿಗೆ ಹೋಗುವ ಲಿಂಕ್ ರಾಡ್ ಹೇಗೆ ಬರುತ್ತದೆ ಅಂತ ಮೊದಲೇ ಯೋಚಿಸಿ. ಬ್ರೇಕ್ ಲೈಟ್ ಸ್ವಿಚ್ಚಿನ ಸ್ಪ್ರಿಂಗನ್ನು ಬಹಳ ಜನ ಮರೆಯುತ್ತಾರೆ. ದಿನಾ ಆಫೀಸಿಗೆ ಇದೇ ಗಾಡಿ ಅನ್ನುವುದಾದರೆ ಮಾತ್ರ ಡ್ರ್ಯಾಗ್ ಬಾರಿಗೆ ನನ್ನದೂ ಓಟು.

ಮತ್ತೊಬ್ಬರು:
ಸ್ವಿಚ್ ಒಳಗೆ ಒಂದು ಸಣ್ಣ ಗೂಟ ಇರುತ್ತದೆ, ಹ್ಯಾಂಡಲ್ಲಿನ ತೂತಿಗೆ ಕೂರುವುದಕ್ಕೆ. ಹೊಸ ಹ್ಯಾಂಡಲ್ಲಿಗೆ ತೂತು ಇರದೇ ಇರಬಹುದು. ಗೂಟವನ್ನು ಅರ ಹಾಕಿ ಸವೆಸಿಬಿಡುವವರು ಜಾಸ್ತಿ. ನಾನು ಒಪ್ಪಲ್ಲ, ಸ್ವಿಚ್ ಪೈಪಿನ ಮೇಲೆ ಸುತ್ತಾಡುತ್ತದೆ. ಎಲ್ಲಾ ಹೊಂದಿಸಿ, ಕೂತು, ಕೋನ ಖಾತ್ರಿಯಾದ ಮೇಲೆ ಗುರುತು ಹಾಕಿ ಡ್ರಿಲ್ ಹೊಡೆಯಿರಿ. ಲಿವರ್ ಕೂಡ ಹಾಗೇ: ಮುಂಗೈ ನೇರಕ್ಕೆ ಬೆರಳು ಬಂದು ಕೂರಬೇಕು.

ಹಗುರ ಹ್ಯಾಂಡಲ್ ಹಾಕಿದರೆ ಸಿಂಗಲ್ ಸಿಲಿಂಡರ್ ಗಾಡಿಯಲ್ಲಿ ಬೆರಳು ಜುಮ್ಮೆನ್ನುತ್ತದೆ. ತುದಿಗೆ ತೂಕದ ಬಾರ್-ಎಂಡ್ ಹಾಕಿ, ಸ್ವಲ್ಪ ತಗ್ಗುತ್ತದೆ. ಹೇಗೂ ಮುಂದಿನ ಭಾಗ ಬಿಚ್ಚುತ್ತೀರಿ, ಮುಂದಿನ ಚಕ್ರ ಎತ್ತಿ ಫೋರ್ಕನ್ನು ಹಿಂದೆಮುಂದೆ ಅಲ್ಲಾಡಿಸಿ ನೋಡಿ. ಟಕ್ ಟಕ್ ಅಂದರೆ ಸ್ಟೀರಿಂಗ್ ಬೇರಿಂಗ್ ನೋಡಿಸಿ.

ಕೇಳಿದವರು:
ಥ್ಯಾಂಕ್ಸ್. ಕ್ಲಬ್‌ಮನ್ ಬಾರ್ ಇಟ್ಟು ನೋಡಿದೆ, ಬಲಕ್ಕೆ ಪೂರ್ತಿ ತಿರುಗಿಸಿದರೆ ಬ್ರೇಕ್ ಲಿವರ್ ಟ್ಯಾಂಕಿಗೆ ಮುತ್ತು ಕೊಡುತ್ತಿದೆ. ಏನು ಮಾಡಲಿ?

ಮೊದಲು ಉತ್ತರಿಸಿದವರು:
ಹ್ಯಾಂಡಲ್ಲನ್ನು ಕ್ಲಾಂಪಿನಲ್ಲಿ ಸ್ವಲ್ಪ ತಿರುಗಿಸಿ ತುದಿಗಳನ್ನು ಮೇಲಕ್ಕೆ ತನ್ನಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಸ್ಟೀರಿಂಗ್ ಸ್ಟಾಪಿಗೆ (ಹ್ಯಾಂಡಲ್ ಇನ್ನೂ ತಿರುಗದಂತೆ ತಡೆಯುವ ಗಟ್ಟಿ ತುಂಡು) ಸ್ವಲ್ಪ ದಪ್ಪ ಕೊಡಿಸಿ. ಹ್ಯಾಂಡಲ್ ತಿರುಗುವುದು ಅಷ್ಟು ಬೇಗ ನಿಲ್ಲುತ್ತದೆ, ಆದರೆ ತಿರುವಿಗೆ ಜಾಗ ಜಾಸ್ತಿ ಬೇಕಾಗುತ್ತದೆ. ಎರಡೂ ಕಡೆ ಒಂದೇ ಅಳತೆ ಇರಲಿ. ಟ್ಯಾಂಕಿಗೆ ತಗ್ಗು ಹೊಡೆಸುವ ಯೋಚನೆ ಮಾತ್ರ ಈಗಲೇ ಬೇಡ, ಹಾಗೇ ಸೀಟಿಗೋಸ್ಕರ ಚಾಸಿ ಕುಯ್ಯುವುದೂ. ಕೆಲವು ವಾರ ಹೀಗೇ ಓಡಿಸಿ, ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಆಮೇಲೆ ಸೀಟಿನ ಮಾತು ಆಡೋಣ.