ಅಮ್ಮನ ಮಂಡಿನೋವು, ಓರ್ವಿಯೆಟೋ ಬೆಟ್ಟ

ಪ್ರಶ್ನೆ: ನಮಸ್ಕಾರ ಮೇಡಂ. ನೀವು ವರ್ಷಾ ವರ್ಷಾ ಇಟಲಿಗೆ ಟೂರ್ ಕರೆದುಕೊಂಡು ಹೋಗುವವರು, ಅದಕ್ಕೇ ಕೇಳುತ್ತಿದ್ದೇನೆ. ಮೇ ತಿಂಗಳಲ್ಲಿ ಅಪ್ಪ ಅಮ್ಮನ ಜೊತೆ ರೋಮ್‌ಗೆ ಹೊರಟಿದ್ದೇವೆ. ಅಲ್ಲಿಂದ ಓರ್ವಿಯೆಟೋ ನೋಡುವ ಆಸೆ. ಫೋಟೋದಲ್ಲಿ ನೋಡಿದರೆ ಊರು ಬಂಡೆ ಮೇಲೆ ಕೂತಿದೆ. ಅಮ್ಮನಿಗೆ 67, ಮಂಡಿನೋವು. ಚಾಮುಂಡಿ ಬೆಟ್ಟದ ಹಾಗೆ ಮೆಟ್ಟಿಲು ಹತ್ತಬೇಕಾ? ಕಾರು ಬಾಡಿಗೆಗೆ ತಗೊಳ್ಳೋದು ವಾಸಿನಾ?

ಉತ್ತರ: ಮೆಟ್ಟಿಲೂ ಬೇಡ, ಕಾರೂ ಬೇಡ. ರೋಮ್‌ನಿಂದ ರೈಲಿನಲ್ಲಿ ಒಂದೂಕಾಲು ಗಂಟೆಯ ಹಾದಿ. ಸ್ಟೇಷನ್ ಬೆಟ್ಟದ ಬುಡದಲ್ಲಿದೆ. ಹೊರಗೆ ಬಂದರೆ ಎದುರಿಗೇ ಫ್ಯೂನಿಕ್ಯುಲರ್, ಅಂದರೆ ಹಗ್ಗ ಕಟ್ಟಿ ಎಳೆಯುವ ಪುಟ್ಟ ರೈಲು. ನಿಮಿಷಗಳಲ್ಲಿ ಮೇಲೆ ಬಿಡುತ್ತದೆ. 1888ರಲ್ಲಿ ಶುರುವಾದಾಗ ನೀರಿನ ಭಾರದಿಂದ ಓಡುತ್ತಿತ್ತು, ಈಗ ಕರೆಂಟು. ಮೇಲೆ ಇಳಿದ ಕಡೆ ಸಣ್ಣ ಬಸ್ ಸಿಗುತ್ತದೆ, ಅಮ್ಮನನ್ನು ದೊಡ್ಡ ಚರ್ಚಿನ ಹತ್ತಿರ ಇಳಿಸುತ್ತದೆ.

ಒಂದು ಎಚ್ಚರಿಕೆ. ಲೋಕಲ್ ರೈಲಿನ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಸ್ಟೇಷನ್ನಿನ ಸಣ್ಣ ಮಿಷನ್ನಿಗೆ ತೂರಿಸಿ ಮುದ್ರೆ ಹಾಕಿಸಿ. ದುಡ್ಡು ಕೊಟ್ಟು ಕೊಂಡ ಟಿಕೆಟ್ಟೇ ಆದರೂ ಮುದ್ರೆ ಇಲ್ಲದಿದ್ದರೆ ದಂಡ.

ಕಾರಿನ ಕಥೆ ಹೇಳಲಾ? ಇಂಥ ಹಳೇ ಊರುಗಳ ಒಳಗೆ ಹೊರಗಿನವರ ಗಾಡಿ ಬಿಡುವುದಿಲ್ಲ. ‘ಜೆಡ್‌ಟಿಎಲ್’ ಅಂತ ಬೋರ್ಡು, ಪಕ್ಕದಲ್ಲಿ ಕ್ಯಾಮೆರಾ. ಯಾರೂ ತಡೆಯುವುದಿಲ್ಲ, ಅದೇ ಮೋಸ. ನಾನು ಮೊದಲ ಸಲ ಹೋದಾಗ ಖುಷಿಯಾಗಿ ಒಳಗೆ ಓಡಿಸಿದೆ. ಎಲ್ಲ ಮರೆತ ಮೇಲೆ, ಎಷ್ಟೋ ತಿಂಗಳಿಗೆ, ಬೆಂಗಳೂರಿನ ಮನೆಗೇ ದಂಡದ ಕಾಗದ ಬಂತು! ಕಾರು ಕೊಟ್ಟವರೂ ನನ್ನ ವಿಳಾಸ ಕೊಟ್ಟಿದ್ದಕ್ಕೆ ಬೇರೆ ದುಡ್ಡು ಕಿತ್ತಿದ್ದರು. ಕಾರೇ ಬೇಕು ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಬುಡದ ಕಾಂಪೋ ದೆಲ್ಲಾ ಫಿಯೆರಾದಲ್ಲಿ ನಿಲ್ಲಿಸಿ. ಅಲ್ಲಿಂದ ಲಿಫ್ಟು, ಎಸ್ಕಲೇಟರ್ ಇವೆ.

ಪ್ರಶ್ನೆ: ಬಾವಿಯೊಂದಿದೆಯಂತಲ್ಲ, ಅಮ್ಮ ಇಳಿಯಬಹುದಾ?

ಉತ್ತರ: ಸಾನ್ ಪತ್ರಿತ್ಸಿಯೋ ಬಾವಿ. ಅಮ್ಮ ಬೇಡ, ನೀವು ಇಳಿಯಿರಿ. 248 ಮೆಟ್ಟಿಲು ಇಳಿದು, ಅಷ್ಟೇ ಹತ್ತಬೇಕು. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಇಲ್ಲಿಗೆ ಓಡಿ ಬಂದ. ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಅಂತ ತೋಡಿಸಿದ್ದು ಇದು. ಸುರುಳಿ ದಾರಿ ಎರಡಿವೆ. ಒಂದರಲ್ಲಿ ಇಳಿದ ಹೇಸರಗತ್ತೆ ತಳದ ಸೇತುವೆ ದಾಟಿ ಇನ್ನೊಂದರಲ್ಲಿ ಮೇಲೆ ಬರುತ್ತಿತ್ತು, ಎದುರಾಗುವ ಮಾತೇ ಇಲ್ಲ. ಗೋಡೆಯಲ್ಲಿ 70 ಕಿಟಕಿ. ನೀವು ಇಳಿಯುವಾಗ ಬಾವಿಯ ಆಚೆಗಿನ ಕಿಟಕಿಯಲ್ಲಿ ಹತ್ತುವವರ ಮುಖ ಕಾಣುತ್ತದೆ, ಕೈ ಬೀಸಬಹುದು, ಸೇರಲಾಗುವುದಿಲ್ಲ. ಕೆಳಗೆ ಛಳಿ. ಶಾಲು ಇರಲಿ.

ಇನ್ನೊಬ್ಬರ ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟ?

ಉತ್ತರ: ಉಂಬ್ರಿಕೆಲ್ಲಿ ಅಂತ ದಪ್ಪ ಪಾಸ್ತಾ ಕೇಳಿ, ಟೊಮೆಟೊ ಸಾಸ್ ಜೊತೆ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ’ ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ. ಕಟ್ಟುನಿಟ್ಟಿನವರಾದರೆ ಚೀಸೂ ಬೇಡ ಅನ್ನಿ. ಪಾರ್ಮೆಸಾನ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಸೂಪಿಗೆ ಮಾಂಸದ ಸಾರು ಹಾಕಿರಬಹುದು, ಕೇಳಿಕೊಳ್ಳಿ. ಆ ಕಡೆಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಉಪ್ಪಿನಕಾಯಿ ಬಾಟಲಿ ಸೂಟ್‌ಕೇಸಿನಲ್ಲಿದ್ದರೆ ಒಳ್ಳೆಯದು! ಮಧ್ಯಾಹ್ನದ ಊಟಕ್ಕೆ ತಡ ಮಾಡಬೇಡಿ. ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳರ ಮೇಲೆ. ಬಿಲ್ಲಿನಲ್ಲಿ ‘ಕೊಪೆರ್ತೋ’ ಅಂತಿದ್ದರೆ ಗಾಬರಿ ಬೇಡ, ಅದು ತಲಾ ಇಷ್ಟು ಅಂತ ಕೂತಿದ್ದಕ್ಕೆ.

ಪ್ರಶ್ನೆ: ಒಂದೇ ದಿನ ಸಾಕಾಗುತ್ತಾ? ಪಕ್ಕದ ಚಿವಿತಾ ದಿ ಬಾನ್ಯೋರೆಜಿಯೋನೂ ಸೇರಿಸೋಣ ಅಂದುಕೊಂಡಿದ್ದೆವು.

ಉತ್ತರ: ಸೇರಿಸಬೇಡಿ. ಚಿವಿತಾಗೆ ಉದ್ದನೆಯ ಕಾಲುಸೇತುವೆ ಒಂದೇ ದಾರಿ, ಕೊನೆಗೆ ಕಡಿದಾದ ಏರು. ಅಮ್ಮನ ಮಂಡಿಗೆ ಅದು ಆಗದು. ಅದರ ಬದಲು ಓರ್ವಿಯೆಟೋದಲ್ಲೇ ರಾತ್ರಿ ಉಳಿಯಿರಿ. 1290ರಲ್ಲಿ ಕಟ್ಟಲು ಶುರುಮಾಡಿದ ಚರ್ಚಿನ ಮುಖ ಪಡುವಣಕ್ಕಿದೆ. ಸಂಜೆ ಬಿಸಿಲು ಬಿದ್ದಾಗ ಚಿನ್ನದ ಮೊಸಾಯಿಕ್ ಹೊತ್ತಿಕೊಂಡ ಹಾಗೆ ಕಾಣುತ್ತದೆ. ದಿನದ ಟೂರಿನವರು ಅಷ್ಟರಲ್ಲಿ ರೈಲು ಹತ್ತಿರುತ್ತಾರೆ. ಒಳಗೆ ಹೋಗಲು ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಅಮ್ಮನ ಸೀರೆಗೆ ಚಿಂತೆಯಿಲ್ಲ, ನಿಮ್ಮ ಬರ್ಮುಡಾ ಬಿಟ್ಟು ಬನ್ನಿ. ದೊಡ್ಡ ಸೂಟ್‌ಕೇಸನ್ನೂ ರೋಮ್‌ನ ಹೋಟೆಲಿನಲ್ಲೇ ಬಿಡಿ, ಕಲ್ಲುಹಾಸಿನ ಓಣಿಯಲ್ಲಿ ಚಕ್ರ ಉಳಿಯುವುದಿಲ್ಲ.