ಎರಡು ರೂಟರ್ ಇರುವ ಮನೆ: ಇಂಟರ್ನೆಟ್ ಬರುತ್ತೆ, ಪ್ರಿಂಟರ್ ಕಾಣಲ್ಲ

ಪ್ರಶ್ನೆ: ಕೆಳಗೆ ಮುಖ್ಯ ರೂಟರ್, ಮಹಡಿಯಲ್ಲಿ ಇನ್ನೊಂದು, ನಡುವೆ ಕೇಬಲ್. ಎರಡೂ ಕಡೆ ಇಂಟರ್ನೆಟ್ ಇದೆ. ಆದರೆ ಮಹಡಿಯ ಪ್ರಿಂಟರ್ ಕೆಳಗಿನ ಲ್ಯಾಪ್‌ಟಾಪಿಗೆ ಸಿಗೋದೇ ಇಲ್ಲ. ಏನು ನೋಡಬೇಕು?

— ಮೊದಲು ಲ್ಯಾಪ್‌ಟಾಪ್, ಪ್ರಿಂಟರ್ ಎರಡರ ಐಪಿ ವಿಳಾಸ ನೋಡಿ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಹೊಡೆಯಿರಿ. ಪ್ರಿಂಟರಿನದು ಅದರ ನೆಟ್‌ವರ್ಕ್ ಮೆನುವಿನಲ್ಲಿರುತ್ತೆ. ಒಂದು 192.168.1ರಿಂದ, ಇನ್ನೊಂದು 192.168.0ರಿಂದ ಶುರುವಾದರೆ ರೋಗ ಗೊತ್ತಾಯಿತು: ಕೇಬಲ್ ಎರಡನೇ ರೂಟರಿನ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿನಲ್ಲಿದೆ, ಅದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡು ಕೂತಿದೆ. ಮೇಲಿನಿಂದ ಕೆಳಕ್ಕೆ ದಾರಿ ಇರುತ್ತೆ, ಕೆಳಗಿನಿಂದ ಮೇಲಕ್ಕೆ ನ್ಯಾಟ್ (ಒಳಗಿನ ವಿಳಾಸಗಳನ್ನು ಹೊರಗಿನಿಂದ ಮರೆಮಾಡುವ ರೂಟರಿನ ವ್ಯವಸ್ಥೆ) ಬಿಡುವುದಿಲ್ಲ. ಇಂಟರ್ನೆಟ್ ಸರಾಗ, ಪ್ರಿಂಟರ್ ಮಾಯ.

— ಎರಡನೇ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಕಟ್ಟದೆ ಮುಖ್ಯ ರೂಟರಿನ ನೆಟ್‌ವರ್ಕನ್ನೇ ಮುಂದುವರಿಸುವುದು) ಇದ್ದರೆ ಅದನ್ನೇ ಆನ್ ಮಾಡಿ. ಇಲ್ಲದಿದ್ದರೆ ಕೈಯಾರೆ ಮಾಡಬೇಕು, ಕ್ರಮ ತಪ್ಪಬಾರದು. ನಡುವಿನ ಕೇಬಲ್ ಬಿಚ್ಚಿ, ಲ್ಯಾಪ್‌ಟಾಪನ್ನು ಎರಡನೇ ರೂಟರಿನ ಲ್ಯಾನ್ (ಮನೆಯ ಸಾಧನಗಳಿಗಿರುವ) ಪೋರ್ಟಿಗೆ ಹಾಕಿ, ಬ್ರೌಸರಿನಲ್ಲಿ ಆ ರೂಟರಿನ ಸೆಟ್ಟಿಂಗ್ ಪುಟಕ್ಕೆ ಲಾಗಿನ್ ಆಗಿ. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಟ್ಟು ಸೇವ್ ಮಾಡಿ. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಡಿಎಚ್‌ಸಿಪಿ (ಸಾಧನಗಳಿಗೆ ತಾನೇ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಕೊನೆಗೆ ಕೇಬಲ್ಲನ್ನು ಲ್ಯಾನ್‌ನಿಂದ ಲ್ಯಾನ್‌ಗೆ ಹಾಕಿ. ವ್ಯಾನ್ ಖಾಲಿ ಇರಲಿ. ಮುಖ್ಯ ರೂಟರ್ ಹಂಚುವ ವಿಳಾಸಗಳಲ್ಲಿ ಈ 192.168.1.2 ಸೇರಿರಬಾರದು. ಹಂಚಿಕೆ 192.168.1.100ರಿಂದ ಶುರುವಾಗುವಂತೆ ಇಟ್ಟರೆ ತಂಟೆಯಿಲ್ಲ. ಡಿಎಚ್‌ಸಿಪಿಯನ್ನು ಮೊದಲೇ ಆಫ್ ಮಾಡಿಬಿಟ್ಟು ಒಳಗೆ ಹೋಗಲಾಗದಿದ್ದರೆ ಲ್ಯಾಪ್‌ಟಾಪಿಗೆ ರೂಟರಿನ ಸಾಲಿನದೇ ಒಂದು ವಿಳಾಸವನ್ನು (ಮೊದಲ ಮೂರು ಭಾಗ ಅದೇ, ಕೊನೆಯದು ಮಾತ್ರ ಬೇರೆ) ಕೈಯಿಂದ ಕೊಡಿ, ಸಬ್‌ನೆಟ್ ಮಾಸ್ಕ್ ಎಂಬಲ್ಲಿ 255.255.255.0.

ಪ್ರಶ್ನೆ ಕೇಳಿದವರು: ಮಾಡಿದೆ. ಈಗ ಕೆಲವು ಫೋನುಗಳಲ್ಲಿ ವೈ-ಫೈ ಇದೆ, ಇಂಟರ್ನೆಟ್ ಇಲ್ಲ.

— ಡಿಎಚ್‌ಸಿಪಿ ಇನ್ನೂ ಎರಡರಲ್ಲೂ ಓಡುತ್ತಿರಬಹುದು. ಆ ಫೋನುಗಳ ಗೇಟ್‌ವೇ (ಇಂಟರ್ನೆಟ್ಟಿಗೆ ಹೋಗಲು ಫೋನು ಬಳಸುವ ರೂಟರಿನ ವಿಳಾಸ) ನೋಡಿ, 192.168.1.2 ಅಂತಿದ್ದರೆ ಅದೇ. ಎರಡನೇ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ, ಫೋನಿನ ವೈ-ಫೈ ಆರಿಸಿ ಮತ್ತೆ ಹಚ್ಚಿ. ಲ್ಯಾಪ್‌ಟಾಪಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಬಂದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ ಎಂದರ್ಥ, ಆಗ ನಡುವಿನ ಕೇಬಲ್ ನೋಡಿ.

— ವಿಳಾಸವೆಲ್ಲ ಸರಿಯಿದ್ದೂ ಕಾಣದಿದ್ದರೆ ಯಾವುದೋ ಒಂದು ಸಾಧನ ಗೆಸ್ಟ್ (ಅತಿಥಿಗಳಿಗೆಂದು ಬೇರೆ ಇಟ್ಟ) ನೆಟ್‌ವರ್ಕಿನಲ್ಲಿರುತ್ತೆ, ಇಲ್ಲವೇ ಎಪಿ ಐಸೊಲೇಷನ್ (ವೈ-ಫೈ ಸಾಧನಗಳು ಒಂದನ್ನೊಂದು ಕಾಣದಂತೆ ಮಾಡುವ ಸೆಟ್ಟಿಂಗ್) ಆನ್ ಆಗಿರುತ್ತೆ. ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ. ಎಷ್ಟೋ ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಡಬ್ಲ್ಯುಪಿಎ3 (ವೈ-ಫೈಯ ಹೊಸ ಭದ್ರತಾ ವಿಧಾನ) ಅಂದರೆ ಅವು ಹತ್ತಿರವೂ ಬರಲ್ಲ, ಹಳೆಯ ಡಬ್ಲ್ಯುಪಿಎ2 ಇಡಿ. ಎರಡರ ಸಿಗ್ನಲ್ ಒಂದಕ್ಕೊಂದು ಅಡ್ಡ ಬರದಂತೆ ಒಂದು ರೂಟರಿಗೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಇಡಿ.

— ಒಂದು ಬಿಟ್ಟುಹೋಯಿತು. ಪ್ರಿಂಟರಿನ ವಿಳಾಸ ಈಗ ಬದಲಾಗಿದೆ, ವಿಂಡೋಸ್ ಹಳೆಯದಕ್ಕೇ ಕಳಿಸುತ್ತಾ ಆಫ್‌ಲೈನ್ ಅನ್ನಬಹುದು. ಮುಖ್ಯ ರೂಟರಿನಲ್ಲಿ ಪ್ರಿಂಟರಿಗೆ ವಿಳಾಸ ಕಾಯ್ದಿರಿಸಿ, ಪ್ರಿಂಟರನ್ನು ಆರಿಸಿ ಹಚ್ಚಿ, ಲ್ಯಾಪ್‌ಟಾಪಿನಿಂದ ಅಳಿಸಿ ಹೊಸದಾಗಿ ಸೇರಿಸಿ.