ನಮ್ಮ ಹುಡುಗ್ರು ಬಾಗಲಕೋಟಿ ಕನ್ನಡ ಎಲ್ಲಿ ಕಲತ್ರು ಅಂತ ಕೇಳಿದ್ರಲ್ಲಾ

ಗುಂಪಿನ್ಯಾಗ ಹಿಂದ ಇಬ್ಬರು ಮೂವರು ಕೇಳಿದ್ರಿ, ಅಕ್ಕಾ ನಿಮ್ಮ ಮಕ್ಕಳು ಇಂಗ್ಲೆಂಡಿನ್ಯಾಗ ಹುಟ್ಟಿ ಬೆಳದ್ರೂ ಇಷ್ಟ ಜವಾರಿ ಕನ್ನಡ ಹೆಂಗ ಮಾತಾಡ್ತಾರ, ಯಾವ ಕ್ಲಾಸಿಗೆ ಕಳಸ್ತಿದ್ರಿ, ಆ್ಯಪ್ ಏನರ ಐತೇನು ಅಂತ. ಅವಾಗ ಬರಿಯೂ ಪರಿಸ್ಥಿತಿ ಇರಲಿಲ್ಲ. ಈಗ ಬಾಗಲಕೋಟ್ಯಾಗ ಅದೀನಿ, ನಮ್ಮ ಮನಿಯವ್ರ ವರ್ಷದ ಕಾರ್ಯ ಆತು, ಹೋಳಿನೂ ಮುಗೀತು, ನವನಗರದ ಮನ್ಯಾಗ ಎಲ್ಲಾರೂ ಮಲಗ್ಯಾರ, ಉದ್ದ ಆದ್ರ ಬೈಬ್ಯಾಡ್ರಿ.

ಕ್ಲಾಸ್ ಇಲ್ಲ, ಆ್ಯಪ್ ಇಲ್ಲ. ಅವ್ರಪ್ಪ ದಿನಾ ಸುಳ್ಳ ಹೇಳ್ತಿದ್ರು, ಅಷ್ಟ.

ಇವ್ರು ಹುಟ್ಟಿದ ಮನಿ ಹಳೇ ಊರಾಗಿತ್ತು, ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹೋತು. ಡ್ಯಾಮಿನ್ಯಾಗ ನೀರು ನಿಲ್ಲಸೂ ಎತ್ತರ 519.60 ಮೀಟರ್ ಅನ್ನೂದು ಇಲ್ಲಿ ಮುದುಕ್ಯಾರಿಗೂ ಬಾಯಿಪಾಠ, ಯಾಕಂದ್ರ ಆ ಲೆಕ್ಕದ ಮ್ಯಾಲನ ಯಾರ ಮನಿ ನೀರಾಗ, ಯಾರದು ದಂಡಿ ಮ್ಯಾಲ ಅಂತ ಆಗಿದ್ದು. ನಮ್ಮ ಅತ್ತಿ ಇವತ್ತಿಗೂ ಆ ಮನಿ ಪಡಸಾಲಿ ನೆನಸ್ಕೊಂಡ್ರ ಕಣ್ಣೀರ ಹಾಕ್ತಾರ. ಇವ್ರು ಹುಡುಗ್ರಿಗೆ ಹೇಳಿದ್ದೇನಂದ್ರ, ನಮ್ಮ ಮನಿ ಮೀನಕ್ಕ ಬಾಡಗಿ ಕೊಟ್ಟೀವಿ, ಬಾಡಗಿ ಮಾತ್ರ ಭಾಳ ವರ್ಷದ್ದು ಬಾಕಿ ಉಳಿಸ್ಯಾವ ಅಂತ. ಸಣ್ಣಾಂವ ಪೂರಾ ನಂಬಿದ್ದ. ವಾರಕ್ಕೊಮ್ಮೆ ಫೋನಿನ್ಯಾಗ, ಆಯಿ, ಮೀನ ರೊಕ್ಕ ಕೊಟ್ಟಾವೇನ ಅಂತ ಕೇಳಾಂವ. ಮೊದಮೊದ್ಲ ಅತ್ತಿಗೆ ಸಿಟ್ಟ ಬರ್ತಿತ್ತು, ಆಮ್ಯಾಲ ಅವ್ರೂ ಸುರು ಹಚ್ಚಿದ್ರು, ಇಲ್ಲೋ ತಮ್ಮಾ, ಈ ಸಲ ಮಳಿ ಚೊಲೋ ಆಗ್ಲಿ ಕೊಡ್ತೀವಿ ಅಂದಾವ ಅಂತ. ಮೀನಿನ ಬಾಡಗಿ ವಸೂಲಿ ಮಾಡಾಕ ಹೋಗಿ ಅಂವ ಬಾಕಿ, ಕರಾರು, ಮುಂಗಡ, ತಕರಾರು ಎಲ್ಲಾ ಕಲತ. ಯಾವ ಪುಸ್ತಕದಾಗ ಕಲಿಸ್ತಾರ ಹೇಳ್ರಿ ಇದನ್ನ.

ಗೋಳಗುಮ್ಮಟಕ್ಕ ಹೋದಾಗಿಂದ ಇನ್ನೊಂದು. ಏಳಂತಸ್ತಿನ ಮಿನಾರ ಹತ್ತಿ ಹತ್ತಿ ದೊಡ್ಡಾಕಿ ಅಳು ಮಾರಿ ಮಾಡಿದ್ಲು. ಮ್ಯಾಲ ಹೋದಮ್ಯಾಲ ಇವ್ರು, ಆ ದಂಡಿಗೆ ಆದಿಲ್ ಶಾಹಿ ಕಾಲದ ಒಬ್ಬ ಮುದುಕ ಕುಂತಾನ, ಕನ್ನಡದಾಗ ಕೇಳಿದ್ರಷ್ಟ ಉತ್ತರಾ ಕೊಡ್ತಾನ, ಇಂಗ್ಲಿಷ್ ಬರಂಗಿಲ್ಲ ಅವಂಗ ಅಂದ್ರು. ಅಕಿ ಗ್ವಾಡಿಗೆ ಬಾಯಿ ಹಚ್ಚಿ, ಅಜ್ಜಾ ಚಾ ಕುಡದೇನ ಅಂದ್ಲು. ಅದೇನು ಸಣ್ಣ ಗುಮ್ಮಟ ಏನ್ರಿ, ಒಳಗ ಸುಮಾರು 38 ಮೀಟರ್ ಅಗಲ, ಚಾ ಕುಡದೇನ ಚಾ ಕುಡದೇನ ಅಂತ ಸುತ್ತ ಹೊಡದು ಬರಾಕತ್ತು. ನಮ್ಮ ಮಗಳು ಶ್ಯಾಣ್ಯಾಕಿ, ಇಂಗ್ಲಿಷಿನ್ಯಾಗ ಹಲೋ ಅಂದ ನೋಡಿದ್ಲು, ಅದೂ ತಿರುಗಿ ಬಂತು. ಪಪ್ಪಾ ಸುಳ್ಳ ಹೇಳ್ತಿ ಅಂದ್ರ ಇವ್ರು ಒಂಚೂರೂ ನಗದ, ಅಯ್ಯ ನೀ ಬರ್ತಿ ಅಂತ ಗೊತ್ತಾಗಿ ನಿನ್ನೆ ರಾತ್ರಿ ಕುಂತ ಕಲತಾನವ್ವಾ ಅಂದ್ರು.

ಬರೇ ಚ್ಯಾಷ್ಟಿ ಮನಷ್ಯಾ ಅಂತ ತಿಳಿಬ್ಯಾಡ್ರಿ. ನಾ ಆಸ್ಪತ್ರ್ಯಾಗ ನೈಟ್ ಶಿಫ್ಟ್ ಮಾಡಾಕಿ. ಬೆಳಿಗ್ಗೆ ಮನಿಗೆ ಬರೂದ್ರಾಗ ಡಬ್ಬಿ ಕಟ್ಟಿರ್ತಿದ್ರು, ಯುನಿಫಾರ್ಮಿಗೆ ಇಸ್ತ್ರಿ ಆಗಿರ್ತಿತ್ತು, ಮಗಳಿಗೆ ಎರಡು ಹೆಳಲ ಹಾಕಿರ್ತಿದ್ರು, ಒಂದು ಕಿವಿ ಮ್ಯಾಲ ಒಂದು ಕಿವಿ ಕೆಳಗ. ಶನಿವಾರ ರೊಟ್ಟಿ ಅವ್ರದ. ಅಲ್ಲಿ ಸಿಗೂ ಜೋಳದ ಹಿಟ್ಟು ಹಳೇದು, ಜಿಗಿ ಇರಂಗಿಲ್ಲ, ಕುದಿಯೂ ನೀರು ಹಾಕಿ ನಾದಿ ನಾದಿ ಹದಾ ಮಾಡಿ ಹಲಗಿ ತಾಳದಾಗ ಬಡಿಯಾವ್ರು, ಹುಡುಗ್ರು ಎದುರಿಗೆ ಕುಂತ ಡಬ್ಬಿ ಬಾರಸಾವ್ರು.

ಹಲಗಿ ಅಂದಕೂಡ್ಲೆ ನೆನಪಾತು. ಬಾಗಲಕೋಟಿಯವ್ರಿಗೆ ಹೋಳಿ ಅಂದ್ರ ಹುಚ್ಚು, ಗೊತ್ತ ಐತಲ್ಲ ನಿಮಗ, ಕಾಮಣ್ಣನ್ನ ಸುಟ್ಟ ಮ್ಯಾಲ ಮೂರು ದಿನ ಬಣ್ಣ, ಬ್ಯಾರಲ್ ಗಟ್ಟಲೆ ಬಣ್ಣ ಹೇರ್ಕೊಂಡು ಬಂಡಿ, ಟ್ರ್ಯಾಕ್ಟರ್ ಎದುರಾಬದುರಾ ನಿಂತ್ರ ಮುಗೀತು. ಇವ್ರು ಇಲ್ಲಿಂದ ಚರ್ಮದ ಹಲಗಿ ಒಯ್ದಿದ್ರು. ಅಲ್ಲಿ ಥಂಡಿಗೆ ಅದು ಸಡ್ಲ ಆಗಿ ದಬ್ ದಬ್ ಅನ್ನೂದು. ಇಲ್ಲಿ ಕಾಸಿದಂಗ ಕಾಸೂಣು ಅಂತ ಅಡಗಿಮನ್ಯಾಗ ಗ್ಯಾಸಿನ ಮ್ಯಾಲ ಹಿಡದ್ರು, ಸ್ಮೋಕ್ ಅಲಾರಂ ಹೊಡಕೊಂಡು ಇಡೀ ಓಣಿ ಹೊರಗ ಬಂತು. ಮುಂದ ಪ್ರತಿ ವರ್ಷ ನನ್ನ ಹೇರ್ ಡ್ರಾಯರ್ ತಗೊಂಡು ಕಾಸೂದು, ನಾ ಒದರೂದು.

ಒಂದ ವಿಷಯಕ್ಕ ಮಾತ್ರ ಬೈತೀನಿ. ಕಾಗದಪತ್ರ ಅಂದ್ರ ಅವ್ರಿಗೆ ಅಲರ್ಜಿ. ಇಲ್ಲಿ ಎನ್‌ಆರ್‌ಇ ಅಕೌಂಟಿಗೆ, ಅಂದ್ರ ಹೊರದೇಶದಾಗ ಇರಾವ್ರ ಬ್ಯಾಂಕ್ ಖಾತೆಗೆ, ನಾಮಿನಿ ಹಾಕಿರಲಿಲ್ಲ. ಅಲ್ಲಿ ಡೆತ್ ಸರ್ಟಿಫಿಕೇಟಿಗೆ ಅಪೋಸ್ಟಿಲ್ (ಬ್ಯಾರೆ ದೇಶದಾಗೂ ನಡೀಲಿ ಅಂತ ಹಾಕೂ ಸರ್ಕಾರಿ ಮುದ್ರಿ) ಮಾಡಿಸ್ಕೊಂಡು ಬಂದು, ಇಲ್ಲಿ ವಾರಸಾ ಕಾಗದ ಮಾಡಿಸಿ, ಬ್ಯಾಂಕಿಗೆ ಅಡ್ಡಾಡಿ ಅಡ್ಡಾಡಿ ನನ್ನ ಮತ್ತ ಮೈದುನನ ಚಪ್ಲಿ ಸವದಾವ. ಇದನ್ನ ಓದೂ ಗಂಡಸ್ರು ಇವತ್ತ ಲಾಗಿನ್ ಮಾಡಿ ನಾಮಿನಿ ಹಾಕ್ರಿ, ಜೋಕು ಆಮ್ಯಾಲ ಹೇಳ್ರಿ.

ವಾಪಸ್ ಬಂದ ಬಿಡ್ರಿ ಅಂತ ಭಾಳ ಮಂದಿ ಮೆಸೇಜ್ ಮಾಡೀರಿ. ಇಲ್ರಿ, ನನ್ನ ಕೆಲಸ ಅಲ್ಲೈತಿ, ಮನಿ ಸಾಲ ಐತಿ, ಮಗಳದು ಹೈಸ್ಕೂಲ್ ಪರೀಕ್ಷಾ ಬಂತು. ಅಲ್ಲೇ ಇರ್ತೀವಿ. ಆದ್ರ ನನ್ನ ಸಂಕಟ ಬ್ಯಾರೆ. ಈ ಒಂದು ವರ್ಷದಾಗ ಹುಡುಗ್ರ ಕನ್ನಡ ಕಮ್ಮಿ ಆಗಾಕತ್ತೇತಿ. ನಾ ಕನ್ನಡದಾಗ ಮಾತಾಡಂಗಿಲ್ಲ ಅಂತ ಅಲ್ಲ, ಮಾತಾಡ್ತೀನಿ, ಹೋಂವರ್ಕ್ ಮಾಡು, ಬೂಟು ಸರಿ ಇಡು, ಫೋನ್ ಬಂದ್ ಮಾಡು. ಅದಕ್ಕ ಅವ್ರು ಇಂಗ್ಲಿಷಿನ್ಯಾಗ ಒಂದ ಮಾತಿನ ಉತ್ತರಾ ಕೊಟ್ಟ ಎದ್ದ ಹೋಗ್ತಾರ. ನಂಗ ನಗಸಾಕ ಬರಂಗಿಲ್ರಿ, ಮೊದ್ಲಿಂದೂ ಅದು ಅವ್ರ ಖಾತೆ ಇತ್ತು.

ಹೋಳಿ ದಿನ ಅತ್ತಿ ತಾವ ಹುಡುಗ್ರ ಕೈಗೆ ಪಿಚಕಾರಿ ಕೊಟ್ಟು, ವರ್ಷ ಆತು, ಹೋಗ್ರಿ ಇನ್ನ ಆಡ್ರಿ ಅಂತ ಹೊರಗ ಕಳಿಸಿದ್ರು. ದೊಡ್ಡಾಕಿ ಓಣಿ ಹುಡುಗ್ರ ಹಂತ್ಯಾಕ ಹಲಗಿ ಇಸ್ಕೊಂಡು ಬಾರಸಿದ್ಲು. ಅವ್ರಿಗೆ ಆಶ್ಚರ್ಯ, ಲಂಡನ್ ಹುಡುಗಿಗೆ ಯಾರ ಕಲಿಸಿದ್ರು ಅಂತ. ಮುಖಾ ಒಂದೀಟೂ ಅಳ್ಳಾಡಿಸದ, ನಮ್ಮ ಮನಿ ಬಾಡಗಿ ಮೀನ ಕಲಿಸ್ಯಾವ ಅಂದ್ಲು. ಹುಡುಗ್ರು ಬಿದ್ದ ಬಿದ್ದ ನಕ್ರು, ನಾ ಬಾಗಲದಾಗ ನಿಂತಾಕಿ ಒಳಗ ಹೋಗಿ ಅತ್ತು ಬಂದೆ.

ಅದಕ್ಕ ಗುಂಪಿನ ಅಣ್ಣಂದ್ರಿಗೆ, ಕಾಕಾಗೋಳಿಗೆ ಒಂದು ಕೇಳ್ತೀನಿ. ಮುಂದಿನ ವಾರ ನಾವು ವಾಪಸ್ ಹೋಗ್ತೀವಿ. ನಮ್ಮ ಹುಡುಗ್ರಿಗೆ ಯಾರರ ವಾರಕ್ಕೊಮ್ಮೆ ಫೋನ್ ಹಚ್ಚಿ ಒಂದು ದೊಡ್ಡ ಸುಳ್ಳ ಹೇಳ್ರಿ, ಕನ್ನಡದಾಗ. ಓದಿನ ವಿಷಯ ತಗೀಬ್ಯಾಡ್ರಿ, ಅಪ್ಪನ ನೆನಸಿ ಅಯ್ಯೋ ಪಾಪ ಅನಬ್ಯಾಡ್ರಿ. ರವಿವಾರ ಹನ್ನೊಂದರ ಮ್ಯಾಲ ಮಾಡ್ರಿ, ಸಣ್ಣಾಂವ ಅದಕ್ಕಿಂತ ಮೊದ್ಲ ಏಳಂಗಿಲ್ಲ.